ಬೀನ್ ಬ್ಯಾಗಿಗೆ ಏನು ತುಂಬಬೇಕು? ತುಮಕೂರಿನ ಹಾಸಿಗೆ ಅಂಗಡಿಗೆ ಪದೇ ಪದೇ ಬರುವ ಪ್ರಶ್ನೆಗಳು

ನಮ್ಮದು ತುಮಕೂರಿನ ಮಂಡಿಪೇಟೆಯ ಕಡೆಯ ಹಳೆಯ ಹಾಸಿಗೆ ಅಂಗಡಿ. ಅಪ್ಪ ಬೂರುಗದ ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿಯುತ್ತಿದ್ದರು. ಈಗ ಬಾಗಿಲು ತೆಗೆದ ಕೂಡಲೇ ಯಾರಾದರೊಬ್ಬರು ಕುಸಿದ ಬೀನ್ ಬ್ಯಾಗನ್ನು, ಅಂದರೆ ಕುರ್ಚಿಯಂತೆ ಕೂರುವ ಮೆತ್ತನೆಯ ಚೀಲವನ್ನು, ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದು ನಿಂತಿರುತ್ತಾರೆ. ಗಲ್ಲಾದ ಮುಂದೆ ನಿಂತು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಮೊಬೈಲ್ ಸಂದೇಶದಲ್ಲಿ ಬಂದದ್ದು, ಶಿಡ್ಲಘಟ್ಟದಿಂದ ಒಬ್ಬರು ಇನ್‌ಲ್ಯಾಂಡ್ ಪತ್ರದಲ್ಲೇ ಬರೆದು ಕೇಳಿದ್ದು, ಎಲ್ಲವನ್ನೂ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಮೊದಲ ಪ್ರಶ್ನೆಗಳು

ಇದರೊಳಗೆ ಇರುವುದು ಹುರುಳಿಕಾಯಿ ಬೀಜವೇ ಅಥವಾ ಬೇರೆ ಕಾಳೇ?

ಬೀನ್ಸ್ ಎಂದರೆ ನಮ್ಮ ಕಡೆ ಪಲ್ಯದ ಹುರುಳಿಕಾಯಿ. ಹಾಗಾಗಿ ಈ ಅನುಮಾನ ಬರುವುದು ಸಹಜ. ಚಿಂತಾಮಣಿ ಕಡೆಯ ಅಜ್ಜಿಯೊಬ್ಬರು ಚೀಲವನ್ನು ಅಮುಕಿ ನೋಡಿ, "ಇಷ್ಟೊಂದು ಕಾಳು ಸುರಿದು ಮೇಲೆ ಕುಳಿತುಕೊಳ್ಳುತ್ತೀರಾ?" ಎಂದು ನನ್ನನ್ನೇ ಗದರಿಸಿದ್ದರು. ಆಟದ ಸಣ್ಣ ಚೀಲಗಳಲ್ಲಿ ಹಿಂದೆ ಒಣಕಾಳನ್ನೇ ತುಂಬುತ್ತಿದ್ದುದರಿಂದ ಆ ಹೆಸರು ಬಂದು ಹಾಗೆಯೇ ಉಳಿಯಿತು. ಕುಳಿತುಕೊಳ್ಳುವ ಚೀಲದಲ್ಲಿ ಇರುವುದು ಥರ್ಮಾಕೋಲ್ ಕಾಳು, ಎರಡರಿಂದ ಐದು ಮಿಲಿಮೀಟರ್ ಅಡ್ಡಳತೆಯ ಬಿಳಿ ಗುಂಡುಗಳು. ಅಂಗಡಿಗಳಲ್ಲಿ ಅದನ್ನೇ ಬೀನ್ಸ್ ಎನ್ನುತ್ತಾರೆ. ಈ ಬರಹದಲ್ಲಿ ನಾನು ಬರೇ ಕಾಳು ಎಂದರೆ ಅದೇ.

ಥರ್ಮಾಕೋಲ್ ಇಷ್ಟು ಹಗುರ ಹೇಗೆ?

ಅದರಲ್ಲಿ ನೂರಕ್ಕೆ 95ರಿಂದ 98 ಪಾಲು ಗಾಳಿ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಸಕ್ಕರೆಯಂಥ ಹರಳುಗಳಲ್ಲಿ ಪೆಂಟೇನ್ ಎಂಬ ಅನಿಲವನ್ನು ಸೇರಿಸಿರುತ್ತಾರೆ. ಕಾರ್ಖಾನೆಯಲ್ಲಿ ಹಬೆ ಕೊಟ್ಟಾಗ ಹರಳು ಮೆತ್ತಗಾಗುತ್ತದೆ, ಒಳಗಿನ ಅನಿಲ ಹಿಗ್ಗುತ್ತದೆ, ಹರಳು ತನ್ನ ಗಾತ್ರದ ನಲವತ್ತು ಐವತ್ತು ಪಟ್ಟು ಉಬ್ಬುತ್ತದೆ. ಬಾಣಲೆಯಲ್ಲಿ ಜೋಳ ಅರಳಾಗುವ ಹಾಗೆ. ಬ್ಲೇಡಿನಿಂದ ಒಂದು ಕಾಳನ್ನು ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿ, ಜೇನುಗೂಡಿನಂತೆ ಮುಚ್ಚಿದ ಪುಟ್ಟ ಪುಟ್ಟ ಕೋಣೆಗಳು ಕಾಣುತ್ತವೆ.

ಇದು ಯಾವ ದೇಶದಿಂದ ಬಂದದ್ದು?

ಇಟಲಿಯಿಂದ. 1968ರಲ್ಲಿ ಗಾಟ್ಟಿ, ಪಾವೊಲಿನಿ, ತೆಯೊದೊರೊ ಎಂಬ ಮೂವರು ವಿನ್ಯಾಸಕರು ಜನೋಟ್ಟಾ ಎಂಬ ಕಂಪನಿಗಾಗಿ 'ಸಾಕ್ಕೊ' ಎಂಬ ಚೀಲದ ಕುರ್ಚಿಯನ್ನು ರೂಪಿಸಿದರು. ಅಲ್ಲಿನ ರೈತರು ಚೆಸ್ಟ್‌ನಟ್ ಮರದ ಒಣ ಎಲೆ ತುಂಬಿ ಮಲಗುತ್ತಿದ್ದ ಹಳೆಯ ಹಾಸಿಗೆಗಳು ಅವರ ತಲೆಯಲ್ಲಿದ್ದವಂತೆ. ಅಂದರೆ ಇದರ ಮೂಲವೂ ನಮ್ಮಂಥವರ ಮನೆಯ ಹಾಸಿಗೆಯೇ ಎಂದು ನನಗೆ ಸ್ವಲ್ಪ ಹೆಮ್ಮೆ.

ದೊಡ್ಡವರು ಕೂರುವ ಬ್ಯಾಗಿಗೆ ಎಷ್ಟು ಕೆಜಿ ಬೀನ್ಸ್ ಬೇಕು? ಒಬ್ಬರು ಎರಡು ಎನ್ನುತ್ತಾರೆ, ಇನ್ನೊಬ್ಬರು ನಾಲ್ಕು ಎನ್ನುತ್ತಾರೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಕೆಜಿ ಲೆಕ್ಕ. ಹಿಂದೆ ಕಣದಲ್ಲಿ ರಾಗಿಯನ್ನು ಸೇರಿನಲ್ಲಿ, ಕೊಳಗದಲ್ಲಿ ಅಳೆಯುತ್ತಿದ್ದರಲ್ಲ, ಥರ್ಮಾಕೋಲ್ ಕಾಳೂ ಹಾಗೆ ಅಳೆಯಬೇಕಾದ ಸಾಮಾನು. ಅದನ್ನು ತೂಗಿ ಮಾರುವುದು ಮಾರುವವರ ಅನುಕೂಲಕ್ಕೆ.

ದೊಡ್ಡವರ ಒಂದು ಸಾಧಾರಣ ಬ್ಯಾಗಿಗೆ ಸುಮಾರು 200 ಲೀಟರ್ ಕಾಳು ಹಿಡಿಸುತ್ತದೆ ಎಂದುಕೊಳ್ಳಿ. ಹೆಚ್ಚು ಉಬ್ಬಿಸಿದ ಹಗುರ ಕಾಳು ಒಂದು ಘನ ಮೀಟರಿಗೆ, ಅಂದರೆ ಸಾವಿರ ಲೀಟರಿಗೆ, 10 ಕೆಜಿ ತೂಗುತ್ತದೆ, ಆ ಲೆಕ್ಕದಲ್ಲಿ 2 ಕೆಜಿ ಸಾಕು. ಕಡಿಮೆ ಉಬ್ಬಿಸಿದ ಗಟ್ಟಿ ಕಾಳು ಘನ ಮೀಟರಿಗೆ 20 ಕೆಜಿ ತೂಗಿದರೆ ಅದೇ ಚೀಲಕ್ಕೆ 4 ಕೆಜಿ ಬೇಕು. ಹಗುರ ಕಾಳು ಕಡಿಮೆ ದುಡ್ಡಿಗೆ ಚೀಲ ತುಂಬಿಸುತ್ತದೆ, ಆದರೆ ಬೇಗ ಚಪ್ಪಟೆಯಾಗುತ್ತದೆ. ಗಟ್ಟಿ ಕಾಳಿಗೆ ಇವತ್ತು ಹೆಚ್ಚು ದುಡ್ಡು ಕೊಡಬೇಕು, ಆದರೆ ಮತ್ತೆ ಅಂಗಡಿಗೆ ಬರುವುದು ನಿಧಾನವಾಗುತ್ತದೆ.

ನೀವೇ ಪರೀಕ್ಷಿಸಬಹುದು. 20 ಲೀಟರಿನ ಬಕೆಟ್ಟಿಗೆ ಕಂಠದವರೆಗೆ ಕಾಳು ಸುರಿದು, ಬಕೆಟ್ಟಿನ ತೂಕ ಕಳೆದು ನೋಡಿ. 200 ಗ್ರಾಂ ಬಂದರೆ ಹಗುರ ಕಾಳು, 300 ಗ್ರಾಂ ಬಂದರೆ ನಡುವಿನದು, 400 ಗ್ರಾಂ ಬಂದರೆ ಗಟ್ಟಿ ಕಾಳು. ದಿನಾ ಕೂರುವ ಕುರ್ಚಿಗೆ 300 ಗ್ರಾಮಿಗಿಂತ ಕಡಿಮೆಯದನ್ನು ನಾನು ತುಂಬುವುದಿಲ್ಲ.

ಚೀಲವನ್ನು ಪೂರ್ತಿ ತುಂಬಿಸಿಬಿಡಲೇ?

ಬೇಡ. ಬಿಗಿಯಾಗಿ ತುಂಬಿದರೆ ಕಾಳಿಗೆ ಸರಿದಾಡಲು ಜಾಗವಿಲ್ಲದೆ ಬ್ಯಾಗ್ ಚೆಂಡಿನಂತಾಗುತ್ತದೆ, ಕೂತವರು ಉರುಳುತ್ತಾರೆ. ಮುಕ್ಕಾಲು ಭಾಗ ತುಂಬಿಸಿ, ಕೂತು ನೋಡಿ. ಕುಂಡೆ ನೆಲಕ್ಕೆ ತಾಗಿದರೆ ಇನ್ನೊಂದು ಬಕೆಟ್ ಹಾಕಿ.

## ತುಂಬಿದ ಮೇಲೆ

ಆರು ತಿಂಗಳಿಗೇ ಕುಸಿದುಹೋಯಿತು. ಮೋಸ ಹೋದೆನೇ?

ಹಗುರ ಕಾಳಾಗಿದ್ದರೆ ಸ್ವಲ್ಪ ಮೋಸ ಹೋಗಿದ್ದೀರಿ. ಆದರೆ ಕುಸಿಯದ ಥರ್ಮಾಕೋಲ್ ಇಲ್ಲ. ಕೂತಾಗಲೆಲ್ಲ ಕಾಳಿನೊಳಗಿನ ಪುಟ್ಟ ಕೋಣೆಗಳ ಗೋಡೆ ಬಾಗುತ್ತದೆ, ಬಿರುಕು ಬಿಡುತ್ತದೆ, ಗಾಳಿ ಸೋರುತ್ತದೆ. ಪಾಲಿಸ್ಟೈರೀನ್ ಬಿರುಸು ಜಾತಿಯದು, ರಬ್ಬರಿನಂತೆ ಪುಟಿದೇಳುವುದಿಲ್ಲ. ಹೆಚ್ಚು ಕುಸಿತ ಮೊದಲ ಕೆಲವು ತಿಂಗಳಲ್ಲೇ ಆಗುತ್ತದೆ, ಆಮೇಲೆ ನಿಧಾನ.

ಹಳೆಯ ಕಾಳನ್ನೆಲ್ಲ ಸುರಿದು ಹೊಸದು ತುಂಬಿಸುವ ಅಗತ್ಯವಿಲ್ಲ. ಅರ್ಧದಿಂದ ಒಂದು ಕೆಜಿ ಹೊಸ ಕಾಳು ಸೇರಿಸಿ, ಚೀಲದ ಬಾಯಿ ಮುಚ್ಚಿ, ಎರಡು ಮೂರು ಸಲ ಬುಡಮೇಲು ಮಾಡಿದರೆ ಹಳೆಯದೂ ಹೊಸದೂ ಬೆರೆಯುತ್ತವೆ. ಒಂದು ಹಿಡಿ ತೆಗೆದು ನೋಡಿದಾಗ ಹೆಚ್ಚಿನ ಕಾಳು ಅವಲಕ್ಕಿಯಂತೆ ಚಪ್ಪಟೆಯಾಗಿದ್ದರೆ ಮಾತ್ರ ಪೂರ್ತಿ ಬದಲಿಸಿ.

ಮನೆಯಲ್ಲೇ ತುಂಬಲು ಹೋಗಿ ಕಾಳು ಅಡುಗೆಮನೆಯವರೆಗೂ ಹಾರಿತು. ಯಾವ ರೀತಿ ತುಂಬಬೇಕು?

ಮೊದಲು ಫ್ಯಾನ್ ಆರಿಸಿ. ಇದನ್ನು ನಾನು ಕಲಿತದ್ದು ಕೈಸುಟ್ಟುಕೊಂಡು. ಒಂದು ಬೇಸಿಗೆಯ ಮಧ್ಯಾಹ್ನ ಐದು ಕೆಜಿ ಮೂಟೆಯ ಬಾಯಿ ಬಿಚ್ಚಿ ಕೂತಿದ್ದೆ. ನಮ್ಮ ಹುಡುಗ ಸೆಕೆ ಎಂದು ಸ್ಟ್ಯಾಂಡ್ ಫ್ಯಾನ್ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಡಿಯೊಳಗೆ ಆಲಿಕಲ್ಲಿನ ಮಳೆ. ಅರ್ಧ ಮೂಟೆ ಬಾಗಿಲಾಚೆ ಹೋಗಿ ಪಕ್ಕದ ಸಿಹಿತಿಂಡಿ ಅಂಗಡಿಯ ಬೂಂದಿ ತಟ್ಟೆಯಲ್ಲಿ ಇಳಿಯಿತು. ಹಳದಿ ಬೂಂದಿಯ ನಡುವೆ ಬಿಳಿ ಬೂಂದಿ. ಆರಿಸಿ ತೆಗೆಯುವಂತಿರಲಿಲ್ಲ, ಇಡೀ ತಟ್ಟೆಯ ದುಡ್ಡು ಕೊಟ್ಟೆ. ದೀಪಾವಳಿಗೆ ಅಂಗಡಿ ತೊಳೆಯುವಾಗಲೂ ಹೊಲಿಗೆ ಯಂತ್ರದ ಪೆಡಲಿನ ಸಂದಿನಿಂದ ಕಾಳು ಬರುತ್ತಲೇ ಇತ್ತು.

ಕಾಳು ಹೀಗೆ ಮೈಗೆ ಅಂಟಿ ಕಾಡುವುದಕ್ಕೆ ಕಾರಣ ಸ್ಥಾಯಿ ವಿದ್ಯುತ್ತು. ಡಿಸೆಂಬರ್, ಜನವರಿಯ ಒಣಹವೆಯಲ್ಲಿ ಅದು ಜಾಸ್ತಿ, ಕೈಯ ರೋಮಕ್ಕೆಲ್ಲ ಹತ್ತಿಕೊಳ್ಳುತ್ತದೆ. ಮಳೆ ಬಂದು ನಿಂತ ದಿನ ತುಂಬುವುದು ಸುಲಭ. ಇಲ್ಲದಿದ್ದರೆ ಬಚ್ಚಲುಮನೆಗೆ ನೀರು ಹಾಕಿ, ಬಾಗಿಲು ಮುಚ್ಚಿ ಅಲ್ಲೇ ತುಂಬಿ. ಕೈ ಒದ್ದೆ ಮಾಡಿಕೊಂಡಿರಿ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಎರಡೂ ತುದಿ ಕತ್ತರಿಸಿದರೆ ಒಳ್ಳೆಯ ಕೊಳವೆಯಾಗುತ್ತದೆ. ಒಂದು ತುದಿಯನ್ನು ಮೂಟೆಯ ಬಾಯಿಗೂ ಇನ್ನೊಂದನ್ನು ಒಳಚೀಲದ ಬಾಯಿಗೂ ಗಮ್ ಟೇಪಿನಿಂದ ಸುತ್ತಿ, ಮೂಟೆಯನ್ನು ಎತ್ತಿ ಹಿಡಿಯಿರಿ. ಇಬ್ಬರು ಬೇಕು. ಚೆಲ್ಲಿದ್ದನ್ನು ಪೊರಕೆಯಿಂದ ಗುಡಿಸಲು ಹೋದರೆ ಅದು ಮುಂದೆ ಮುಂದೆ ಓಡುತ್ತದೆ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಟೀವಿ, ಫ್ರಿಜ್ಜಿನ ಪೆಟ್ಟಿಗೆಯ ಥರ್ಮಾಕೋಲನ್ನು ಪುಡಿ ಮಾಡಿ ತುಂಬಬಹುದೇ?

ತುಂಬಬಹುದು, ಕೂರಲು ಹಿತವಿರುವುದಿಲ್ಲ. ಮುರಿದ ಚೂರುಗಳಿಗೆ ಮೂಲೆಗಳಿರುತ್ತವೆ, ಉರುಳುವುದಿಲ್ಲ, ಒಂದಕ್ಕೊಂದು ಸಿಕ್ಕಿಕೊಂಡು ಕಿರ್ ಎನ್ನುತ್ತವೆ. ಪುಡಿ ಬೇರೆ. ಕಾಲಿಡುವ ಸಣ್ಣ ಮೋಡಾ ಮಾಡಿಕೊಳ್ಳಿ, ಅಷ್ಟಕ್ಕೆ ಸಾಕು. ಕೆಲವು ಕಡೆ ಇಂಥ ಪುಡಿಯನ್ನೇ ಹೊಸ ಕಾಳಿನೊಂದಿಗೆ ಬೆರೆಸಿ ಮಾರುತ್ತಾರೆ. ಕಪ್ಪು ಕಾಗದದ ಮೇಲೆ ಒಂದು ಹಿಡಿ ಸುರಿದು ನೋಡಿ: ಒಳ್ಳೆಯ ಕಾಳು ದುಂಡಗೆ ಉರುಳಿ ಚದುರುತ್ತದೆ, ಪುಡಿಯಿರುವುದು ಗುಪ್ಪೆಯಾಗಿ ನಿಲ್ಲುತ್ತದೆ.

ಮಗು ಉಚ್ಚೆ ಹೊಯ್ದುಬಿಟ್ಟಿದೆ. ಒಳಗಿನದನ್ನು ತೊಳೆಯಬಹುದೇ?

ಕಾಳು ನೀರನ್ನು ಹೀರುವುದು ತೀರಾ ಕಡಿಮೆ, ವಾಸನೆ ಹಿಡಿಯುವುದು ಬಟ್ಟೆ. ಒಳಚೀಲ ಇದ್ದರೆ ಹೊರಕವರನ್ನು ಬಿಚ್ಚಿ ಒಗೆಯಿರಿ, ಒಳಚೀಲವನ್ನು ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಒಳಚೀಲ ಇಲ್ಲದ ಬ್ಯಾಗಾದರೆ ಕಾಳನ್ನು ಬೇರೆ ಚೀಲಕ್ಕೆ ಸುರಿದುಕೊಳ್ಳದೆ ಗತಿಯಿಲ್ಲ. ಕೊಳ್ಳುವಾಗಲೇ ಒಳಚೀಲ ಇದೆಯೇ ಎಂದು ಕೇಳಿ ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ತಾರಸಿಯ ಮೇಲೆ ಇಟ್ಟುಕೊಳ್ಳಬಹುದೇ?

ಸಂಜೆ ಒಯ್ದು ಕೂತು, ಏಳುವಾಗ ಒಳಗೆ ತನ್ನಿ. ಬಿಸಿಲಿಗೆ ಪಾಲಿಸ್ಟೈರೀನ್ ಹಳದಿಯಾಗಿ ಪುಡಿಯಾಗುತ್ತದೆ, ರೆಕ್ಸಿನ್ ಬಿರಿಯುತ್ತದೆ. ದೀಪ, ಊದುಬತ್ತಿ, ಪಟಾಕಿಯಿಂದ ದೂರವಿಡಿ. ಥರ್ಮಾಕೋಲ್ ಹತ್ತಿಕೊಂಡರೆ ಕರಿ ಹೊಗೆ ಕಾರುತ್ತಾ ಕರಗಿ ತೊಟ್ಟಿಕ್ಕುತ್ತದೆ. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಬಿದ್ದರೂ ಕಾಳು ಕರಗಿ ಅಂಟಾಗುತ್ತದೆ. ಕಿತ್ತಳೆ ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆಗೂ ಅದು ಕರಗುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಒಂದು ಕಾಳಿನ ಮೇಲೆ ಹಿಂಡಿ ತೋರಿಸಿ.

## ನಮ್ಮ ಊರಿನ ಸಾಮಾನು ತುಂಬಬಹುದೇ?

ನಮ್ಮ ಹೊಲದಲ್ಲಿ ರಾಗಿ ಹೊಟ್ಟು ರಾಶಿ ಬಿದ್ದಿದೆ. ಪ್ಲಾಸ್ಟಿಕ್ ಯಾಕೆ, ಅದನ್ನೇ ತುಂಬಿದರೆ?

ಮನಸ್ಸಿಗೆ ಮೆಚ್ಚುವ ಯೋಚನೆ, ಮೈಗೆ ಒಗ್ಗುವುದಿಲ್ಲ. ಗುಬ್ಬಿ ಕಡೆಯ ರೈತರೊಬ್ಬರು ಹಾಗೆಯೇ ತುಂಬಿಸಿಕೊಂಡಿದ್ದರು. ಸುಂಕು ಬಟ್ಟೆಯ ನೇಯ್ಗೆಯಿಂದ ತೂರಿ ಬಂದು ಮನೆಯವರಿಗೆಲ್ಲ ತುರಿಕೆ. ಹೊಟ್ಟಿನಲ್ಲಿ ಉಳಿದ ರಾಗಿ ಕಾಳಿಗೆ ಇಲಿ ಬಂತು. ಅವರು ಚೀಲ ತಂದಾಗ ಒಂದು ಮೂಲೆಯಲ್ಲಿ ಅಂಗೈಯಗಲದ ತೂತು, ಒಳಗೆ ಇಲಿಮರಿ.

ಭತ್ತದ ಹೊಟ್ಟು ಇದಕ್ಕಿಂತ ಮೇಲು. ಅದರ ಮೈಯಲ್ಲಿ ಸಿಲಿಕಾ ಇರುವುದರಿಂದ ಬೇಗ ಕೊಳೆಯುವುದಿಲ್ಲ, ಚಪ್ಪಟೆಯಾಗುವುದಿಲ್ಲ. ಜಪಾನಿನಲ್ಲಿ ಬಕ್‌ವೀಟ್ ಎಂಬ ಧಾನ್ಯದ ಸಿಪ್ಪೆಯ ದಿಂಬು ಇವತ್ತಿಗೂ ಉಂಟು. ಆದರೆ ತೂಕ ನೋಡಿ: 200 ಲೀಟರ್ ಭತ್ತದ ಹೊಟ್ಟು 20 ಕೆಜಿ ದಾಟುತ್ತದೆ. ಹಜಾರದಿಂದ ಕೋಣೆಗೆ ಎಳೆದಾಡುವುದು ಯಾರು? ಕೂರುವ ಸಣ್ಣ ಮೆತ್ತೆಗೆ, ತಲೆದಿಂಬಿಗೆ ಹಾಕಿಕೊಳ್ಳಿ. ಮೊರದಲ್ಲಿ ಕೇರಿ, ನುಚ್ಚು ಧೂಳು ಹೋಗುವಂತೆ ಜರಡಿ ಹಿಡಿದು, ಎರಡು ದಿನ ಬಿಸಿಲಿಗೆ ಹಾಕಿ, ಒತ್ತಾದ ನೇಯ್ಗೆಯ ದಪ್ಪ ಬಟ್ಟೆಯಲ್ಲಿ ಎರಡು ಪದರವಾಗಿ ಹೊಲಿಸಿ.

ತಿಪಟೂರಿನವರು ನಾವು. ತೆಂಗಿನ ನಾರು ಆಗದೇ?

ನಾರು ಹಾಸಿಗೆಗೆ ಸೈ. ರಬ್ಬರಿನ ಹಾಲು ಹಾಕಿ ಒತ್ತಿದ ನಾರಿನ ಹಾಸಿಗೆಗಳು ಬೇಕಾದಷ್ಟಿವೆ. ಬಿಡಿ ನಾರು ಬೀನ್ ಬ್ಯಾಗಿನಲ್ಲಿ ಸಿಕ್ಕುಗಟ್ಟಿ ಚುಚ್ಚುತ್ತದೆ. ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನಂತೂ ತುಂಬಲೇಬೇಡಿ. ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ, ಅದಕ್ಕೇ ನರ್ಸರಿಯವರಿಗೆ ಅದು ಬೇಕು. ಮಳೆಗಾಲದಲ್ಲಿ ನಿಮ್ಮ ಕುರ್ಚಿಯಲ್ಲೂ ಸಸಿ ಏಳಬಹುದು.

ಬೂರುಗದ ಹತ್ತಿ ಎಲ್ಲಕ್ಕಿಂತ ಮೃದು ಎನ್ನುತ್ತಾರೆ. ಅದನ್ನು ತುಂಬಿಸಿಕೊಡುತ್ತೀರಾ?

ದಿಂಬಿಗೆ ತುಂಬಿಸಿಕೊಡುತ್ತೇನೆ. ಬೀನ್ ಬ್ಯಾಗಿಗೆ ಕೇಳಿದರೆ ಒಂದು ಗಳಿಗೆ ಕೂರಿಸಿ ಮಾತಾಡುತ್ತೇನೆ. ಬೂರುಗದ ಎಳೆ ಒಳಗೆ ಟೊಳ್ಳು, ಮೇಲೆ ಮೇಣದ ಪದರ. ನೀರು ಹತ್ತಿಕೊಳ್ಳುವುದಿಲ್ಲ, ತೇಲುತ್ತದೆ. ಹಿಂದೆ ಹಡಗಿನವರ ಜೀವರಕ್ಷಕ ಜಾಕೆಟ್ಟುಗಳಿಗೆ ಈ ಜಾತಿಯ ಹತ್ತಿಯನ್ನೇ ತುಂಬುತ್ತಿದ್ದರು. ಅಪ್ಪ ಬೇಸಿಗೆಯಲ್ಲಿ ಒಡೆದ ಕಾಯಿಗಳನ್ನು ಮೂಟೆಗಟ್ಟಲೆ ಕೊಂಡು, ಕೋಣೆಯ ಬಾಗಿಲು ಹಾಕಿಕೊಂಡು ಹಿಂಜುತ್ತಿದ್ದರು. ಹಿಂಜುವ ಬಿಲ್ಲಿನ ಟೊಂಯ್ ಟೊಂಯ್ ಸದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಹೊರಗೆ ಬಂದಾಗ ಅವರ ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಬಿಳಿ. ಅಮ್ಮ ಬಾಗಿಲಲ್ಲೇ ತಡೆದು ಟವೆಲ್ ಕೊಡವುತ್ತಿದ್ದರು, ಆಮೇಲೆಯೇ ಊಟ.

ಇಷ್ಟು ಒಳ್ಳೆಯ ಹತ್ತಿ ಬೀನ್ ಬ್ಯಾಗಿನಲ್ಲಿ ಸೋಲುವುದು ಒಂದೇ ಕಾರಣಕ್ಕೆ: ಅದು ಹರಿಯುವುದಿಲ್ಲ. ನೀವು ಒರಗಿದಾಗ ಕಾಳು ಸೊಂಟದ ಕೆಳಗಿನಿಂದ ಸರಿದು ಬೆನ್ನಿನ ಹಿಂದೆ ಹೋಗಿ ನಿಲ್ಲುತ್ತದೆ. ಹತ್ತಿ ಇದ್ದಲ್ಲೇ ಅದುಮಿಕೊಂಡು ಗಂಟಾಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಬಿಸಿಲಿಗೆ ಹಾಕಿ, ಮತ್ತೆ ಹಿಂಜಬೇಕು. ಹಿಂಜುವವರು ಈಗ ಎಲ್ಲಿದ್ದಾರೆ?

ಫೋಮ್ ಚೂರು ತುಂಬಿದರೆ ಕುಸಿಯುವುದಿಲ್ಲವಂತೆ?

ಕುಸಿಯುವುದು ಕಡಿಮೆ, ಗಂಟು ಕಟ್ಟುವುದು ಹೆಚ್ಚು. ಹಾಸಿಗೆ, ಸೋಫಾ ಕಾರ್ಖಾನೆಗಳ ತುಂಡುಗಳನ್ನು ಕತ್ತರಿಸಿದ ಚೂರು ಇದು. ಕೂತರೆ ಸೋಫಾದ ಹಿತವಿರುತ್ತದೆ, ಸರಬರ ಸದ್ದು ಇರುವುದಿಲ್ಲ. ಆದರೆ ಭಾರ, ತೇವ ಹಿಡಿದರೆ ಬೇಗ ಒಣಗುವುದಿಲ್ಲ, ವಾರಕ್ಕೊಮ್ಮೆ ಕುಟ್ಟಿ ಕೊಡವಬೇಕು. 1966ರಲ್ಲಿ ನಾಸಾದ ವಿಮಾನದ ಆಸನಕ್ಕಾಗಿ ರೂಪಿಸಿದ ಮೆಮೊರಿ ಫೋಮಿನ ಚೂರೂ ಈಗ ಸಿಗುತ್ತದೆ, ಅದು ಇನ್ನೂ ಭಾರ. ನನ್ನ ಕೈಗುಣ ಕೇಳಿದರೆ ಮೂರು ಪಾಲು ಕಾಳು, ಒಂದು ಪಾಲು ಫೋಮ್. ಕಾಳು ಹರಿಯುತ್ತದೆ, ಫೋಮ್ ಪುಟಿಯುತ್ತದೆ.

ಕಡಲೆಕಾಯಿ ಸಿಪ್ಪೆ? ಕತ್ತರಿಸಿದ ರೇಷ್ಮೆ ಗೂಡು?

ಮೊದಲನೆಯದನ್ನು ಪಾವಗಡದವರು ಕೇಳಿದ್ದು, ಎರಡನೆಯದನ್ನು ಆ ಇನ್‌ಲ್ಯಾಂಡ್ ಪತ್ರದ ಶಿಡ್ಲಘಟ್ಟದವರು. ಸಿಪ್ಪೆ ಒಂದು ವಾರದಲ್ಲಿ ನುಚ್ಚಾಗುತ್ತದೆ. ಗೂಡಿಗೆ ಹುಳು ಬೀಳುತ್ತದೆ, ಹುಳ ಒಳಗೇ ಸತ್ತ ಗೂಡಾದರೆ ವಾಸನೆಯನ್ನು ಹೇಳಬೇಕಾಗಿಲ್ಲ. ಎರಡೂ ಬೇಡ.

ಮಕ್ಕಳ ಎಸೆದಾಟದ ಸಣ್ಣ ಚೀಲಕ್ಕೆ ಏನು ಹಾಕಲಿ?

ಹುಣಸೆ ಬೀಜ. ತುಮಕೂರಿನಲ್ಲಿ ಹುಣಸೆಗೆ ಬರವೇ? ಗಟ್ಟಿ, ನುಣುಪು, ಕೈಗೆ ಹಿಡಿದಾಗ ಗಲಗಲ ಎನ್ನುತ್ತದೆ. ಹಣ್ಣಿನ ಅಂಟು ಹೋಗುವಂತೆ ತೊಳೆದು ಚೆನ್ನಾಗಿ ಒಣಗಿಸಿ. ಅಂಗೈಯಗಲದ ಚೀಲಕ್ಕೆ ನೂರು ನೂರೈವತ್ತು ಗ್ರಾಂ ಸಾಕು. ಅವರೆ, ತೊಗರಿ ಹಾಕಿದರೆ ಹುಳು ಹಿಡಿಯುತ್ತದೆ. ಚೆಂದ ಕಾಣುತ್ತದೆಂದು ಗುಲಗಂಜಿಯನ್ನಾಗಲಿ, ಹಿತ್ತಲಲ್ಲಿ ಸಿಕ್ಕಿತೆಂದು ಹರಳು ಬೀಜವನ್ನಾಗಲಿ ಖಂಡಿತ ತುಂಬಬೇಡಿ. ಎರಡೂ ಕಡು ವಿಷ. ಚೀಲ ಹರಿದು ಮಗು ಒಂದನ್ನು ಜಗಿದರೂ ಪ್ರಾಣಕ್ಕೆ ಅಪಾಯ.

## ಕೂಸು, ಮಕ್ಕಳು, ವಯಸ್ಸಾದವರು

ಕೂಸನ್ನು ಬೀನ್ ಬ್ಯಾಗಿನ ಮೇಲೆ ಮಲಗಿಸಬಹುದೇ? ಸಾಸಿವೆ ದಿಂಬಿನಂತೆಯೇ ಅಲ್ಲವೇ?

ಮಲಗಿಸಬಾರದು. ಇದರಲ್ಲಿ ಚೌಕಾಸಿ ಇಲ್ಲ. ಒಂದು ವರ್ಷದೊಳಗಿನ ಕೂಸು ಮುಖ ಒಳಕ್ಕೆ ಹೂತುಹೋದರೆ ತಾನಾಗಿ ತಿರುಗಿಸಿಕೊಳ್ಳಲಾರದು, ಉಸಿರು ಕಟ್ಟುತ್ತದೆ. ಮಕ್ಕಳ ವೈದ್ಯರು ಹೇಳುವುದು ಸಮತಟ್ಟಾದ, ಗಟ್ಟಿಯಾದ ಹಾಸಿಗೆ, ಬೆನ್ನ ಮೇಲೆ ಮಲಗಿಸುವುದು, ದಿಂಬಿಲ್ಲದೆ. ತಲೆ ದುಂಡಗಾಗಲಿ ಎಂದು ಸಾಸಿವೆ ದಿಂಬು ಹೊಲಿಸಿಕೊಳ್ಳಲು ಈಗಲೂ ಅಜ್ಜಿಯರು ಬರುತ್ತಾರೆ. ನಾನು ಅದನ್ನು ಹೊಲಿಯುವುದನ್ನು ಬಿಟ್ಟಿದ್ದೇನೆ, ಒಂದಿಬ್ಬರು ಬೈದುಕೊಂಡೂ ಹೋಗಿದ್ದಾರೆ.

ಜಿಪ್ಪಿಗೆ ಎಳೆಯುವ ನಾಲಿಗೆಯೇ ಇಲ್ಲ. ಕೆಟ್ಟಿರುವ ಮಾಲು ಕೊಟ್ಟಿದ್ದೀರಾ?

ಬೇಕೆಂದೇ ತೆಗೆದಿರುವುದು. ಅಮೆರಿಕದಲ್ಲಿ ಮಕ್ಕಳು ಜಿಪ್ ಬಿಚ್ಚಿ ಒಳಗೆ ತೆವಳಿ, ಕಾಳನ್ನು ಉಸಿರಿನೊಂದಿಗೆ ಎಳೆದುಕೊಂಡು ಸತ್ತ ಘಟನೆಗಳು ನಡೆದ ಮೇಲೆ, ಜಿಪ್ ಸುಲಭವಾಗಿ ತೆರೆಯಬಾರದೆಂಬ ಸುರಕ್ಷತಾ ಮಾನದಂಡ ಬಂತು. ನಾನು ತುಂಬಿದ ಮೇಲೆ ನಾಲಿಗೆಯನ್ನು ಇಕ್ಕಳದಿಂದ ಕಿತ್ತು ಹಾಕುತ್ತೇನೆ. ಮತ್ತೆ ತೆರೆಯಲು ಪೇಪರ್ ಕ್ಲಿಪ್ ಸಿಕ್ಕಿಸಿ ಎಳೆದರಾಯಿತು.

ಮಗು ಕಾಳನ್ನು ನುಂಗಿ, ಅಥವಾ ಮೂಗಿಗೆ ಹಾಕಿಕೊಂಡು ಕೆಮ್ಮುತ್ತಿದ್ದರೆ, ಉಸಿರಿನಲ್ಲಿ ಸುಂಯ್ ಎನ್ನುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಥರ್ಮಾಕೋಲ್ ಕಾಳು ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅದು ಸಾದಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಅಮ್ಮನಿಗೆ ಮಂಡಿ ನೋವು. ಕೂತರೆ ಎದ್ದೇಳಲು ಆಗುವುದಿಲ್ಲ. ಕಾಳು ಹೆಚ್ಚು ಹಾಕಿದರೆ ಸರಿಹೋಗುತ್ತದೆಯೇ?

ಸ್ವಲ್ಪ ಎತ್ತರವಾಗುತ್ತದೆ, ಸಮಸ್ಯೆ ಹಾಗೆಯೇ ಉಳಿಯುತ್ತದೆ. ಏಳಲು ಕೈ ಊರುವುದಕ್ಕೆ ಗಟ್ಟಿ ಆಸರೆ ಬೇಕು, ಇದರಲ್ಲಿ ಊರಿದ ಕೈಯೂ ಹೂತುಹೋಗುತ್ತದೆ. ಅಮ್ಮನಿಗೆ ಕೈಯಿರುವ ಮರದ ಕುರ್ಚಿ ಕೊಡಿಸಿ. ಮಾರುವವನೇ ಹೀಗೆ ಹೇಳುತ್ತಿದ್ದಾನೆ ಎಂದರೆ ನಂಬಿ.

## ಕೂರುವುದರಾಚೆಗೆ

ಸೊಂಟಕ್ಕೆ ಶಾಖ ಕೊಡುವ ಚೀಲಕ್ಕೆ ಯಾವ ಕಾಳು ಒಳ್ಳೆಯದು?

ಅಕ್ಕಿ, ಗೋಧಿ, ಹುರುಳಿ, ಅಗಸೆ, ರಾಗಿ. ನನ್ನ ಓಟು ರಾಗಿಗೆ. ಕಾಳು ಸಣ್ಣದಾದ್ದರಿಂದ ಮೈಯ ತಗ್ಗುಗಳಿಗೆ ಕೂಡಿಕೊಳ್ಳುತ್ತದೆ, ಹುಳು ಹಿಡಿಯುವುದು ಅಪರೂಪ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಧಾನ್ಯವಲ್ಲವೇ ಅದು. ಶುದ್ಧ ಹತ್ತಿ ಬಟ್ಟೆ, ಹತ್ತಿ ದಾರ, ಅರ್ಧ ಚೀಲ ಮಾತ್ರ ಕಾಳು. ಜಿಪ್, ಗುಂಡಿ, ಜರಿ ಯಾವುದೂ ಇರಕೂಡದು. ಮೈಕ್ರೋವೇವಿನಲ್ಲಿ ಒಂದು ನಿಮಿಷದಿಂದ ಶುರು ಮಾಡಿ, ಪಕ್ಕದಲ್ಲಿ ಒಂದು ಲೋಟ ನೀರಿಡಿ. ಹೆಚ್ಚು ಕಾಯಿಸಿದರೆ ರಾಗಿ ಹುರಿಹಿಟ್ಟಿಗೆ ಅರಳುವ ಹಾಗೆ ಸಿಡಿಯುತ್ತದೆ, ಬಟ್ಟೆ ಹೊತ್ತಿಕೊಂಡರೂ ಹೊತ್ತಿಕೊಂಡೀತು. ಮೈಕ್ರೋವೇವ್ ಇಲ್ಲದಿದ್ದರೆ ಕಾಳನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಚೀಲಕ್ಕೆ ಸುರಿದು ಕಟ್ಟಿ. ಮೊದಲು ಮುಂಗೈಗೆ ಇಟ್ಟು ನೋಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಪಾದಕ್ಕೆ ಶಾಖ ಕೊಡಲೇಬಾರದು, ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಥರ್ಮಾಕೋಲ್ ಕಾಳು ಈ ಕೆಲಸಕ್ಕೆ ಬರುವುದಿಲ್ಲ, ಕರಗುತ್ತದೆ.

ಮೈದೇನಹಳ್ಳಿಗೆ ಕೃಷ್ಣಮೃಗದ ಫೋಟೊ ತೆಗೆಯಲು ಹೋಗುತ್ತೇವೆ. ಕಾರಿನ ಕಿಟಕಿಯ ಮೇಲೆ ಲೆನ್ಸ್ ಇಡುವ ಚೀಲಕ್ಕೆ ಏನು ತುಂಬಬೇಕು?

ಮಧುಗಿರಿ ತಾಲ್ಲೂಕಿನ ಆ ಹುಲ್ಲುಗಾವಲಿಗೆ ಹೋಗುವವರು ಈಗೀಗ ಹೆಚ್ಚಾಗಿ ಬರುತ್ತಾರೆ. ಇಲ್ಲಿ ಹಗುರ ಬೇಡ, ಭಾರ ಬೇಕು. ಥರ್ಮಾಕೋಲ್ ಹಾಕಿದರೆ ಲೆನ್ಸ್ ತೊಟ್ಟಿಲಂತೆ ತೂಗುತ್ತದೆ. ಎರಡು ಲೀಟರಿನ ಚೀಲಕ್ಕೆ ರಾಗಿ ತುಂಬಿದರೆ ಒಂದೂವರೆ ಕೆಜಿ ಆಸುಪಾಸು ಬರುತ್ತದೆ, ಬಾಗಿಲಿನ ಮೇಲೆ ಕುದುರೆಗೆ ಜೀನು ಹಾಕಿದಂತೆ ಕೂರುತ್ತದೆ. ಪ್ಯಾಂಟಿನ ಎರಡು ಕಾಲಿನಂತೆ, ನಡುವೆ ತೆಳುವಾಗಿ ಹೊಲಿಸಿ. ದೂರದೂರಿಗೆ ಹೋಗುವವರು ಖಾಲಿ ಚೀಲ ಒಯ್ದು, ಅಲ್ಲಿನ ಅಂಗಡಿಯಲ್ಲಿ ಅಕ್ಕಿಯೋ ಬೇಳೆಯೋ ತುಂಬಿಸಿಕೊಂಡು, ಬರುವಾಗ ಯಾರಿಗಾದರೂ ಕೊಟ್ಟು ಬರುತ್ತಾರೆ. ಒಳ್ಳೆಯ ಅಭ್ಯಾಸ.

ಮಗುವಿನ ಥೆರಪಿಯವರು ತೊಡೆಯ ಮೇಲೆ ಇಡುವ ಭಾರದ ಚೀಲ ಮಾಡಿಸಿ ಎಂದಿದ್ದಾರೆ.

ಎಷ್ಟು ತೂಕ, ಎಷ್ಟು ಹೊತ್ತು ಎಂಬುದನ್ನು ಅವರಿಂದಲೇ ಬರೆಸಿಕೊಂಡು ಬನ್ನಿ, ನಾನು ಅಂದಾಜಿನಲ್ಲಿ ತುಂಬುವುದಿಲ್ಲ. ಒಗೆಯಬೇಕಾದ್ದರಿಂದ ಧಾನ್ಯ ಬೇಡ. ಗಾಜಿನ ಸಣ್ಣ ಮಣಿ ಅಥವಾ ಗೊಂಬೆಗಳಿಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ ಮಣಿ ಸರಿ. ಒಂದೇ ಕಡೆ ರಾಶಿಯಾಗದಂತೆ ಚೌಕ ಚೌಕವಾಗಿ ಹೊಲಿಗೆ ಹಾಕಿ, ಒಂದೊಂದು ಮನೆಗೂ ಸಮನಾಗಿ ತೂಗಿ ತುಂಬಬೇಕು. ಇದು ಮಾತ್ರ ನಿಜಕ್ಕೂ ತೂಗುವ ಸಾಮಾನು.

ಆಸ್ಪತ್ರೆಯಲ್ಲಿ ಗಾಳಿ ಎಳೆದರೆ ಕಲ್ಲಿನಂತಾಗುವ ಬೀನ್ ಬ್ಯಾಗ್ ನೋಡಿದೆ. ಅದರೊಳಗೆ ಏನಿರುತ್ತದೆ?

ಇದೇ ಪಾಲಿಸ್ಟೈರೀನ್ ಕಾಳು! ಗಾಳಿಯಾಡದ ಚೀಲದೊಳಗೆ ಸಡಿಲವಾಗಿರುತ್ತದೆ. ರೋಗಿಯನ್ನು ಮಲಗಿಸಿ, ಮೈಯ ಆಕಾರಕ್ಕೆ ಒತ್ತಿ, ಪಂಪಿನಿಂದ ಒಳಗಿನ ಗಾಳಿ ಎಳೆಯುತ್ತಾರೆ. ಹೊರಗಿನ ಗಾಳಿಯ ಒತ್ತಡಕ್ಕೆ ಕಾಳುಗಳು ಒಂದನ್ನೊಂದು ಹಿಸುಕಿಕೊಂಡು ಅಲ್ಲಾಡದಂತೆ ನಿಲ್ಲುತ್ತವೆ, ಚೀಲ ಅಚ್ಚಾಗುತ್ತದೆ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವಾಗ ಪ್ರತಿ ಸಲವೂ ರೋಗಿ ಅದೇ ಭಂಗಿಯಲ್ಲಿ ಮಲಗಬೇಕಲ್ಲ, ಅದಕ್ಕೆ ಇದು ಬೇಕು. 2010ರಲ್ಲಿ ಅಮೆರಿಕದ ಸಂಶೋಧಕರು ಇದೇ ಗುಟ್ಟಿನಿಂದ ಬಲೂನಿಗೆ ಕಾಫಿಪುಡಿ ತುಂಬಿ ರೋಬೋಟಿನ ಕೈ ಮಾಡಿ ತೋರಿಸಿದರು. ವಸ್ತುವಿನ ಮೇಲೆ ಒತ್ತಿ ಗಾಳಿ ಎಳೆದರೆ ಹಿಡಿದುಕೊಳ್ಳುತ್ತದೆ, ಬಿಟ್ಟರೆ ಬಿಡುತ್ತದೆ. ಕಾಫಿಪುಡಿ ಪ್ಯಾಕೆಟ್ಟು ಕತ್ತರಿಸುವ ಮುಂಚೆ ಇಟ್ಟಿಗೆಯ ಹಾಗಿದ್ದು, ಕತ್ತರಿಸಿದೊಡನೆ ಸಡಿಲವಾಗುವುದನ್ನು ನೋಡಿದ್ದರೆ ನಿಮಗೆ ಇದು ಆಗಲೇ ಗೊತ್ತು.

ಇಪಿಪಿ ಕಾಳು ಎಂದು ದುಬಾರಿಯದೊಂದಿದೆ. ತೆಗೆದುಕೊಳ್ಳಲೇ?

ಅದು ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕನ್ನು ಉಬ್ಬಿಸಿ ಮಾಡಿದ್ದು. ಅಮುಕಿ ಬಿಟ್ಟರೆ ಪುಟಿದು ಮೊದಲಿನಂತಾಗುತ್ತದೆ, ಕುಸಿತ ತೀರಾ ಕಡಿಮೆ. ವಾಚನಾಲಯ, ಕಚೇರಿಯಂತೆ ದಿನವಿಡೀ ಯಾರಾದರೂ ಕೂರುವ ಜಾಗವಾದರೆ ದುಡ್ಡು ಹುಟ್ಟುತ್ತದೆ. ಭಾನುವಾರ ಕ್ರಿಕೆಟ್ ನೋಡಲು ಮಾತ್ರವಾದರೆ ಬೇಡ.

ಥರ್ಮಾಕೋಲ್ ನಿಷೇಧವಾಗಿದೆಯಲ್ಲ? ಹಳೆಯ ಕಾಳನ್ನು ಏನು ಮಾಡಲಿ?

2022ರ ಜುಲೈ 1ರಿಂದ ನಿಷೇಧವಾದದ್ದು ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳು, ಅವುಗಳಲ್ಲಿ ಅಲಂಕಾರದ ಥರ್ಮಾಕೋಲೂ ಸೇರಿದೆ. ಬೀನ್ ಬ್ಯಾಗಿನ ಕಾಳು ಆ ಪಟ್ಟಿಯಲ್ಲಿಲ್ಲ. ಹಾಗೆಂದು ಅದು ಮಣ್ಣಿನಲ್ಲಿ ಕರಗುವ ವಸ್ತುವೂ ಅಲ್ಲ. ಹೂಕುಂಡದ ಮಣ್ಣಿಗೆ ಬೆರೆಸಬೇಡಿ, ಮಳೆ ನೀರಿನೊಂದಿಗೆ ಚರಂಡಿಗೆ ಹೋಗುತ್ತದೆ. ಸುಡಲೂಬೇಡಿ. ಒಂದು ಮಳೆಗಾಲದಲ್ಲಿ ಅಮಾನಿಕೆರೆಯ ಅಂಚಿನಲ್ಲಿ ಬಿಳಿ ಕಾಳು ನೊರೆಯಂತೆ ಸಾಲುಗಟ್ಟಿದ್ದನ್ನು ನೋಡಿದೆ, ಬಾತುಗಳು ಅದರ ನಡುವೆ ಕೊಕ್ಕು ಹಾಕುತ್ತಿದ್ದವು. ಯಾರ ಚೀಲ ಹರಿದದ್ದೋ, ನಾನು ತುಂಬಿದ್ದೇ ಇರಬಹುದು. ಅಂದಿನಿಂದ ಹಳೆಯ ಕಾಳನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಗಾಜಿನ ಸಾಮಾನು ಪ್ಯಾಕ್ ಮಾಡುವವರಿಗೂ ಹಗುರ ಕಾಂಕ್ರೀಟಿನ ಇಟ್ಟಿಗೆ ಮಾಡುವವರಿಗೂ ಅದು ಬೇಕು. ತರುವಾಗ ಎರಡು ಚೀಲದಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿಕೊಂಡು ಬನ್ನಿ. ದುಡ್ಡು ಕೊಡುವುದಿಲ್ಲ, ಒಂದು ಲೋಟ ಕಾಫಿ ಕೊಡುತ್ತೇನೆ.